ಸೀಟು ಎತ್ತರಿಸದೆ ಮಂಡಿಯನ್ನು ಬೈಯಬೇಡಿ

ನಮಸ್ಕಾರ ಮೇಡಂ. ವಯಸ್ಸು ಐವತ್ತೆರಡು, ಶಿವಮೊಗ್ಗದಿಂದ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ಎರಡು ತಿಂಗಳು, ಶುಗರ್ ಬಾರ್ಡರಿನಲ್ಲಿ, ಹೈಸ್ಕೂಲು ಮುಗಿದ ಮೇಲೆ ಸೈಕಲ್ ಮುಟ್ಟಿಲ್ಲ ಅಂತ ಬರೆದಿದ್ದೀರಿ. ಈಗ ಶುರು ಮಾಡಿದರೆ ಮಂಡಿ ತಡೆಯುತ್ತಾ, ಎಂಥ ಸೈಕಲ್ ತಗೊಳ್ಳಲಿ, ಮಗ ಹೇಳಿದ ಹಾಗೆ ಇ-ಬೈಕೇ ವಾಸಿನಾ, ಹೆಲ್ಮೆಟ್ ಬೇಕಾ, ಚೂಡಿದಾರದಲ್ಲಿ ಹೊಡೀಬಹುದಾ, ಚಳಿಗಾಲದಲ್ಲಿ ಏನು ಗತಿ ಅಂತ ಕೇಳಿದ್ದೀರಿ. ನಾನು ಬಂದ ಹೊಸದರಲ್ಲಿ ಇದನ್ನೆಲ್ಲ ಕನ್ನಡದಲ್ಲಿ ಹೇಳುವವರು ಇರಲಿಲ್ಲ. ಎದುರುಗಾಳಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯರು ಬೆಲ್ ಹೊಡೆದು ಮುಂದೆ ಹೋಗುವುದು ಕಂಡರೆ ನಮ್ಮ ತಾಕತ್ತಿನ ಮೇಲೇ ಅನುಮಾನ ಬರುತ್ತಿತ್ತು. ಅವರಲ್ಲಿ ಎಷ್ಟೋ ಜನರದ್ದು ಬ್ಯಾಟರಿ ಸೈಕಲ್ ಅಂತ ಆಮೇಲೆ ತಿಳಿಯಿತು.

ಮಂಡಿ ತಡೆಯುತ್ತೆ. ಆದರೆ ಸೀಟಿನ ಎತ್ತರ ಸರಿ ಇದ್ದರೆ ಮಾತ್ರ. ನಮ್ಮವರು ಎಡವುವುದೇ ಇಲ್ಲಿ, ಹಾಗಾಗಿ ಇದನ್ನೇ ಉದ್ದಕ್ಕೆ ಹೇಳುತ್ತೇನೆ. ಬೀಳುವ ಭಯಕ್ಕೆ, ಕೂತಲ್ಲೇ ಎರಡೂ ಕಾಲು ನೆಲಕ್ಕೆ ಪೂರ್ತಿ ಊರಬೇಕು ಅಂತ ಸೀಟು ಇಳಿಸಿಕೊಳ್ಳುತ್ತಾರೆ. ಆಗ ಪೆಡಲ್ ಮೇಲೆ ಬಂದಾಗಲೆಲ್ಲ ಮಂಡಿ ವಿಪರೀತ ಮಡಚುತ್ತೆ, ಆ ಮಡಚಿದ ಸ್ಥಿತಿಯಲ್ಲೇ ತುಳಿಯುವ ಭಾರವೆಲ್ಲ ಮಂಡಿಚಿಪ್ಪಿನ ಹಿಂದೆ ಬೀಳುತ್ತೆ. ಮೂರನೇ ವಾರಕ್ಕೆ ಮೆಟ್ಟಿಲು ಇಳಿಯುವಾಗ ಮಂಡಿಯ ಮುಂಭಾಗ ಚುಳ್ ಅನ್ನುತ್ತೆ. ‘ವಯಸ್ಸಾಯ್ತು, ಸೈಕಲ್ ಆಗಿಬರಲ್ಲ’ ಅಂತ ಸೈಕಲ್ ಮಾರಿ ಬಸ್ ಹಿಡಿದವರನ್ನು ಇಲ್ಲಿ ಎಷ್ಟೋ ಕಂಡಿದ್ದೇನೆ. ಸೀಟನ್ನು ನಾಲ್ಕು ಬೆರಳು ಮೇಲೆತ್ತಿದ್ದರೆ ಸಾಕಾಗುತ್ತಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತೆ.

ಅಳತೆ ಹೀಗೆ. ದಿನಾ ಹಾಕುವ ಶೂ ಹಾಕಿಕೊಂಡು, ಗೋಡೆ ಹಿಡಿದು ಸೀಟಿನ ಮೇಲೆ ನೇರ ಕೂತುಕೊಳ್ಳಿ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿ. ಸೊಂಟ ಒಂದು ಕಡೆ ವಾಲದೆ ಕಾಲು ಸರಿಯಾಗಿ ನೆಟ್ಟಗಾಗಬೇಕು. ಹೊಡೆಯುವಾಗ ಪಾದದ ಮುಂಭಾಗದಿಂದ ತುಳಿಯುತ್ತೀರಲ್ಲ, ಆಗ ಮಂಡಿ ತಾನಾಗಿಯೇ 25ರಿಂದ 30 ಡಿಗ್ರಿ ಮಡಚಿರುತ್ತೆ, ಬೇಕಾದದ್ದು ಅಷ್ಟೇ. ಒಂದೇ ದಿನಕ್ಕೆ ಆ ಎತ್ತರಕ್ಕೆ ಹೋದರೆ ಎದೆ ಹೊಡೆದುಕೊಳ್ಳುತ್ತೆ. ವಾರಕ್ಕೆ 1 ಸೆಂ.ಮೀ.ನಂತೆ ಏರಿಸಿ. ಸೀಟಿನ ಕಂಬಿಯ ಮೇಲೆ ಒಂದು ಗೆರೆ ಕೊರೆದಿರುತ್ತೆ, ಅದು ಹೊರಗೆ ಕಾಣುವಷ್ಟು ಎಳೆಯಲೇಬಾರದು, ಕಂಬಿ ಮುರಿಯುತ್ತೆ. ಮಂಡಿಯ ಹಿಂಭಾಗ ಎಳೆದರೆ, ಇಲ್ಲ ಸೊಂಟ ಆ ಕಡೆ ಈ ಕಡೆ ತೂಗಿದರೆ ಜಾಸ್ತಿ ಎತ್ತರವಾಗಿದೆ ಅಂತ ಅರ್ಥ. ಅರ್ಧ ಸೆಂ.ಮೀ. ಇಳಿಸಿ.

‘ಎತ್ತರ ಕೂತರೆ ನಿಲ್ಲಿಸೋದು ಹೇಗೆ?’ ಸೀಟಿನ ಮೇಲೆ ಕೂತು ನಿಲ್ಲಿಸಬೇಡಿ, ಸೀಟಿನಿಂದ ಇಳಿದು ನಿಲ್ಲಿಸಿ. ವೇಗ ಕಡಿಮೆ ಮಾಡಿ, ಎಡ ಪೆಡಲ್ ಕೆಳಗೆ ತಂದು ಅದರ ಮೇಲೆ ಭಾರ ಹಾಕಿ ಎದ್ದು, ಸೀಟಿನ ಮುಂದಕ್ಕೆ ಜಾರಿ, ಬಲಗಾಲು ನೆಲಕ್ಕಿಡಿ. ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಇದೊಂದನ್ನೇ ಅರ್ಧ ಗಂಟೆ ಮಾಡಿ. ಸೈಕಲ್ ಹೊಡೆಯುವುದು ಮರೆಯುವುದಿಲ್ಲ ಅನ್ನುತ್ತಾರೆ, ನಿಲ್ಲಿಸುವುದು ಮಾತ್ರ ಚೆನ್ನಾಗಿಯೇ ಮರೆತಿರುತ್ತೆ.

ಕೊಳ್ಳುವಾಗ ಸೀಟಿಗೂ ಹ್ಯಾಂಡಲ್ಲಿಗೂ ನಡುವಿನ ಬಾರ್ ತಗ್ಗಾಗಿರುವ, ಎರಡೂ ಕೈಬ್ರೇಕ್ ಇರುವ, 7 ಗೇರಿನದ್ದು ನೋಡಿ. ಇಲ್ಲಿ ಗಂಡಸರೂ ತಗ್ಗು ಬಾರಿನದ್ದನ್ನು ಹೊಡೆಯುತ್ತಾರೆ, ಸಂಕೋಚ ಬೇಡ. ಪೆಡಲನ್ನು ಹಿಂದಕ್ಕೆ ತುಳಿದರೆ ಬ್ರೇಕ್ ಬೀಳುವ ಡಚ್ ಸೈಕಲ್ ಅಗ್ಗಕ್ಕೆ ಸಿಗುತ್ತೆ, ಆದರೆ ಹೊಸಬರಿಗೆ ಬೇಡ. ಊರಲ್ಲಿ ಪೆಡಲನ್ನು ಹಿಂದಕ್ಕೆ ಸುಮ್ಮನೆ ತಿರುಗಿಸುವ ಅಭ್ಯಾಸ ನಮ್ಮದು, ಇಲ್ಲಿ ಹಾಗೆ ಮಾಡಿದರೆ ನಡುರಸ್ತೆಯಲ್ಲಿ ಗಕ್ಕನೆ ನಿಲ್ಲುತ್ತೀರಿ. ಇನ್ನೊಂದು, ನಮ್ಮ ಸೈಕಲ್ಲಲ್ಲೂ ಸ್ಕೂಟರಲ್ಲೂ ಬಲಗೈ ಮುಂದಿನ ಬ್ರೇಕ್. ಇಲ್ಲಿ ಮುಂದಿನದು ಎಡಗೈಗೆ. ಗಾಬರಿಯಲ್ಲಿ ಎಡಗೈ ಬಿಗಿಹಿಡಿದರೆ ಮುಂದಿನ ಚಕ್ರ ಕಚ್ಚುತ್ತೆ. ಮೊದಲ ವಾರ ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತಿ.

ಗೇರ್ ವಿಷಯದಲ್ಲಿ ಒಂದೇ ನಿಯಮ: ಕಾಲು ‘ಒತ್ತಬೇಕು’ ಅನ್ನಿಸಿದರೆ ಇಳಿಸಿ. ನಿಮಿಷಕ್ಕೆ 60ರಿಂದ 80 ಸುತ್ತು ಹಗುರವಾಗಿ ತಿರುಗಲಿ. ಗೇರ್ ಹಿಂದಿನ ಚಕ್ರದ ನಡುವಿನ ಹಬ್ಬಿನ ಒಳಗಿದ್ದರೆ ಬದಲಿಸುವ ಕ್ಷಣ ತುಳಿಯುವುದನ್ನು ನಿಲ್ಲಿಸಿ, ನಿಂತಾಗಲೂ ಬದಲಿಸಬಹುದು. ಗಾಳಿಯ ವಾಲ್ವ್ ಮಾತ್ರ ಹೆಚ್ಚಿನ ಸೈಕಲ್ಲಿಗೆ ನಮ್ಮೂರಿನ ತರಹದ್ದೇ. ಅದನ್ನು ಕಂಡಾಗ ಊರಿನ ಪಂಕ್ಚರ್ ಅಂಗಡಿ ನೆನಪಾಗದೆ ಇರಲ್ಲ, ಆದರೆ ಪಂಪು ನೀವೇ ಹೊಡೆಯಬೇಕು. ಎರಡು ವಾರಕ್ಕೊಮ್ಮೆ, 37 ಮಿ.ಮೀ. ಟೈರಿಗೆ ಸುಮಾರು 4 ಬಾರ್ ಒತ್ತಡ. ಹೆಬ್ಬೆರಳಲ್ಲಿ ಒತ್ತಿದರೆ ತಗ್ಗಬಾರದು.

ಇ-ಬೈಕ್ ಮೋಟಾರು ಗಂಟೆಗೆ 25 ಕಿ.ಮೀ.ವರೆಗೆ ತಳ್ಳುತ್ತೆ. ಮಂಡಿ ಈಗಾಗಲೇ ಸವೆದಿದ್ದರೆ ಅದೇ ಸರಿ, ಅತಿ ಕಡಿಮೆ ಸಹಾಯದಲ್ಲಿ ಹೊಡೆಯಿರಿ. ಶುಗರ್ ಇಳಿಸುವುದಕ್ಕಾದರೆ ಮೊದಲು ಆರು ತಿಂಗಳು ಸಾದಾ ಸೈಕಲ್ ಅನ್ನುವುದು ನನ್ನ ಮಾತು. ಮಗ ಒಪ್ಪಲಿಕ್ಕಿಲ್ಲ.

ಐಂಡ್‌ಹೋವನ್‌ನಲ್ಲಿ ಆಗುಂಬೆ ಇಲ್ಲ, ಗಾಳಿಯೇ ಘಾಟಿ. ಹೆಚ್ಚಾಗಿ ನೈಋತ್ಯದಿಂದ ಬೀಸುತ್ತೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ ಇರುವಂತೆ ದಾರಿ ಹಿಡಿಯಿರಿ. ಉಲ್ಟಾ ಮಾಡಿದರೆ ಹುರುಪಿನಲ್ಲಿ ದೂರ ಹೋಗಿ, ಸುಸ್ತಾದ ಕಾಲಲ್ಲಿ ಗಾಳಿಗೆ ಎದುರಾಗಿ ವಾಪಸ್ ಬರಬೇಕು. ಎದುರುಗಾಳಿಯಲ್ಲಿ ವೇಗ ನೋಡಬೇಡಿ, ಉಸಿರು ನೋಡಿ. ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೊದಲ ಎರಡು ವಾರ ದಿನ ಬಿಟ್ಟು ದಿನ 20 ನಿಮಿಷ, ಆಮೇಲೆ ವಾರಕ್ಕೆ ಐದೈದು ನಿಮಿಷ ಸೇರಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷವನ್ನು ಎರಡು-ಮೂರು ತಿಂಗಳಲ್ಲಿ ಮುಟ್ಟಿದರೆ ಸಾಕು. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆಯೋ ಇನ್ಸುಲಿನ್ನೋ ಇದ್ದರೆ ಮೊದಲೇ ಫ್ಯಾಮಿಲಿ ಡಾಕ್ಟರ್, ಅಂದರೆ ಇಲ್ಲಿನ ಹೌಸ್‌ಆರ್ಟ್ಸ್ ಹತ್ತಿರ ಮಾತಾಡಿ, ಜೇಬಲ್ಲಿ ಗ್ಲೂಕೋಸ್ ಮಾತ್ರೆ ಇರಲಿ. ಎದೆ ಬಿಗಿದರೆ ಮನೆಗೆ ಹೋಗಿ ಕಷಾಯ ಕುಡಿಯುವ ನಮ್ಮ ಪದ್ಧತಿ ಬೇಡ, ಅಲ್ಲೇ ನಿಂತು 112 ಒತ್ತಿ.

ಹೆಲ್ಮೆಟ್ ಸಾದಾ ಸೈಕಲ್ಲಿಗೆ ಕಡ್ಡಾಯವಲ್ಲ. ಡಚ್ಚರು ಹಾಕುವುದಿಲ್ಲ ಅಂತ ನೀವು ಬಿಡಬೇಡಿ, ಅವರು ನಡೆಯಲು ಕಲಿತಾಗಿನಿಂದ ಹೊಡೆಯುತ್ತಿದ್ದಾರೆ. ಚೂಡಿದಾರ ಧಾರಾಳವಾಗಿ ಹಾಕಿ. ಚೈನ್ ಕವರ್ ಪೂರ್ತಿ ಇರಲಿ, ಹಿಂದಿನ ಚಕ್ರಕ್ಕೆ ಎರಡೂ ಕಡೆ ಹೊದಿಕೆ ಇರಲಿ, ದುಪಟ್ಟಾ ಮನೆಯಲ್ಲಿರಲಿ. ಚಳಿಗೆ ಒಳ್ಳೆಯ ಗ್ಲೌಸ್ ಸಾಕು. ಸೊನ್ನೆಯ ಆಸುಪಾಸಿನಲ್ಲಿ ರಸ್ತೆ ಒದ್ದೆ ಇದ್ದರೆ ಅವತ್ತು ಹೋಗಬೇಡಿ, ಮರದ ಸೇತುವೆಗಳ ಮೇಲಿನ ಮಂಜುಪದರ ಕಣ್ಣಿಗೆ ಕಾಣುವುದಿಲ್ಲ.

ನೀವು ಕೇಳದಿದ್ದರೂ ರಸ್ತೆಯ ವಿಷಯ ಹೇಳಬೇಕು. ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ದಾರಿ, ಸೈಕಲ್ಲಾದರೂ ಸರಿ. ರಸ್ತೆಯ ಮೇಲೆ ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆಗಿದ್ದರೆ ನೀವು ಬೇರೆಯವರಿಗೆ ದಾರಿ ಬಿಡಬೇಕು. ತಿರುಗುವ ಮುಂಚೆ ಕೈ ತೋರಿಸಿ. ಹೊಡೆಯುವಾಗ ಕೈಯಲ್ಲಿ ಫೋನ್ ಹಿಡಿಯುವುದು 2019ರ ಜುಲೈನಿಂದ ಅಪರಾಧ, ಊರಿನ ಕಾಲ್ ಬಂದರೆ ಬದಿಗೆ ನಿಲ್ಲಿಸಿ.

ಕಳ್ಳತನ ಇಲ್ಲೂ ವಿಪರೀತ. ಹಿಂದಿನ ಚಕ್ರದ ರಿಂಗ್ ಲಾಕ್ ಒಂದೇ ಸಾಲದು, ಚೈನ್ ಹಾಕಿ ಕಂಬಕ್ಕೆ ಕಟ್ಟಿ. ವಿಮೆ ಮಾಡಿಸಿದ್ದರೆ ಕಳುವಾದಾಗ ಎರಡೂ ಬೀಗದ ಕೈ ಕೇಳುತ್ತಾರೆ. ಒಂದನ್ನು ಪಾಸ್‌ಪೋರ್ಟ್ ಜೊತೆ ಎತ್ತಿಡಿ.