ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ ರಾಯಭಾರಿ ಆಗಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಮಗಳು ಹೊಸನಗರದ ಕಡೆ ಕನ್ನಡ ಶಾಲೆಯಲ್ಲಿ ಓದಿ, ಈಗ ಶಿವಮೊಗ್ಗದಲ್ಲಿ ಬಿ.ಎ. ಎರಡನೇ ವರ್ಷ. ರಾಯಭಾರಿ ಆಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಇಂಗ್ಲಿಷ್ ಜೋರಾಗಿ ಬರಬೇಕಾ, ದೊಡ್ಡವರ ವಶೀಲಿ ಬೇಕಾ, ಮದುವೆಗೆ ತೊಂದರೆ ಆಗುತ್ತಾ ಅಂತ ಕೇಳಿದ್ದೀರಿ.

ಮೊದಲೇ ಹೇಳಿಬಿಡುತ್ತೇನೆ, ನಾನು ರಾಯಭಾರಿ ಆದವನಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ತೋಟದ ಮನೆಯವನು. ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷೆ ಬರೆದು ವಿದೇಶಾಂಗ ಸಚಿವಾಲಯಕ್ಕೆ ಅಸಿಸ್ಟೆಂಟ್ ಆಗಿ ಸೇರಿದೆ. ಮೂರು ದೇಶಗಳಲ್ಲಿ ನಾಲ್ವರು ರಾಯಭಾರಿಗಳ ಕೈಕೆಳಗೆ ಕೆಲಸ ಮಾಡಿ ನಿವೃತ್ತನಾದೆ. ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ.

ವಶೀಲಿ ಬೇಡ. ಹೊರಗಿನವರನ್ನೂ ಸರ್ಕಾರ ಆಗೀಗ ನೇಮಿಸುವುದುಂಟು. ಮೈಸೂರಿನಲ್ಲಿ ಪಾಠ ಮಾಡಿದ್ದ ರಾಧಾಕೃಷ್ಣನ್ 1949ರಲ್ಲಿ ಮಾಸ್ಕೋಗೆ ಹೋದದ್ದು ಹಾಗೆಯೇ. ಆದರೆ ಹೆಚ್ಚಿನವರು ಬರುವುದು ಐಎಎಸ್‌ಗೆ ಬರೆಯುವ ಅದೇ ಯುಪಿಎಸ್‌ಸಿ ಪರೀಕ್ಷೆಯಿಂದ. ಎರಡನೇ ಹಂತದ ಲಿಖಿತ ಪರೀಕ್ಷೆ ಮೇನ್ಸ್ ಅನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಮೊದಲ ಹಂತದ ಪ್ರಿಲಿಮ್ಸ್ ಪ್ರಶ್ನೆಪತ್ರಿಕೆ ಮಾತ್ರ ಹಿಂದಿ, ಇಂಗ್ಲಿಷ್‌ನಲ್ಲಿ ಇರುತ್ತದೆ. ಮೇನ್ಸ್‌ನಲ್ಲಿ ಪಾಸಾದರೆ ಸಾಕು ಅನ್ನುವಂಥ ಒಂದು ಇಂಗ್ಲಿಷ್ ಪೇಪರ್ ಇದೆ. ಸೇರಿದ ಮೇಲೆ ಇಂಗ್ಲಿಷ್ ಬೇಕೇ ಬೇಕು. ಅದರ ಜೊತೆ ಅರೇಬಿಕ್ಕೋ ಚೀನಿಯೋ ರಷ್ಯನ್ನೋ ಒಂದು ವಿದೇಶಿ ಭಾಷೆ ಕಲಿತು ಪರೀಕ್ಷೆ ಪಾಸು ಮಾಡಬೇಕು. ಅಲ್ಲಿ ಕಾನ್ವೆಂಟಿನವರೂ ನಮ್ಮವರೂ ಒಂದೇ, ಎಲ್ಲರೂ ಅ ಆ ಇ ಈಯಿಂದ ಶುರು.

ಮಸ್ಸೂರಿ, ದೆಹಲಿ ತರಬೇತಿ ಮುಗಿದರೆ ಥರ್ಡ್ ಸೆಕ್ರೆಟರಿ. ಆಮೇಲೆ ಸೆಕೆಂಡ್, ಫಸ್ಟ್, ಕೌನ್ಸೆಲರ್, ಮಿನಿಸ್ಟರ್. (ಈ ಮಿನಿಸ್ಟರ್ ಮಂತ್ರಿಯಲ್ಲ, ಒಂದು ದರ್ಜೆ ಅಷ್ಟೇ. ನಮ್ಮೂರಲ್ಲಿ ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಗಿತ್ತು.) ಚಿಕ್ಕ ದೇಶಕ್ಕೆ ರಾಯಭಾರಿ ಆಗಲು 15–20 ವರ್ಷ ಸರ್ವಿಸ್ ಬೇಕು, ದೊಡ್ಡ ದೇಶಕ್ಕೆ ಇನ್ನೂ ಜಾಸ್ತಿ. ಹೆಸರು ಗೊತ್ತಾದ ಕೂಡಲೇ ಹೊರಡುವ ಹಾಗೂ ಇಲ್ಲ. ಮೊದಲು ಆ ದೇಶಕ್ಕೆ ಗುಟ್ಟಾಗಿ ತಿಳಿಸಿ ಒಪ್ಪಿಗೆ ಕೇಳುತ್ತಾರೆ, ನಮ್ಮಲ್ಲಿ ಜಾತಕ ಕೊಟ್ಟ ಹಾಗೆ. ಬೇಡ ಅನ್ನುವವರು ಕಾರಣ ಹೇಳಬೇಕಾಗಿಲ್ಲ. ದೇಶಗಳ ನಡುವಿನ ರಾಯಭಾರ ಸಂಬಂಧದ ಬಗ್ಗೆ ಆದ 1961ರ ವಿಯೆನ್ನಾ ಒಪ್ಪಂದದಲ್ಲೇ ಹಾಗಿದೆ.

ಕೆಲಸ ಅಂದರೆ ಸೂಟು, ಪಾರ್ಟಿ ಅಂದುಕೊಂಡಿದ್ದೆ. ಪಾರ್ಟಿ ಇದ್ದವು, ಸುಳ್ಳು ಯಾಕೆ ಹೇಳಲಿ. ನನ್ನ ಮೊದಲ ರಾಯಭಾರಿ ರಾತ್ರಿ ಹನ್ನೊಂದಕ್ಕೆ ಊಟದಿಂದ ನೇರ ಆಫೀಸಿಗೆ ಬರುತ್ತಿದ್ದರು. ಕೋಟು ಕೂಡ ಬಿಚ್ಚದೆ, ಯಾರು ಏನಂದರು ಅಂತ ಹೇಳಿ ಬರೆಸುತ್ತಿದ್ದರು. ಮೂರು ಪುಟ ಟೈಪ್ ಮಾಡಿದರೆ ಗೀಟು ಎಳೆದು ಎಳೆದು ಒಂದಕ್ಕೆ ಇಳಿಸುತ್ತಿದ್ದರು. ಅದು ಬೆಳಗಾಗುವಷ್ಟರಲ್ಲಿ ದೆಹಲಿಯಲ್ಲಿರಬೇಕು. ಮರುದಿನ ಗಲ್ಫಿನ ಯಾವುದೋ ಕ್ಯಾಂಪಿನಲ್ಲಿ ಕೂಲಿಯೊಬ್ಬ ತೀರಿಕೊಂಡಿರುತ್ತಾನೆ. ಮರಣ ಪ್ರಮಾಣಪತ್ರ, ಹೆಣ ಕೆಡದಂತೆ ಮಾಡಿದ್ದಕ್ಕೆ ಇನ್ನೊಂದು ಪತ್ರ, ರದ್ದಾದ ಪಾಸ್‌ಪೋರ್ಟು, ನಮ್ಮ ಕಚೇರಿಯ ನಿರಾಕ್ಷೇಪಣಾ ಪತ್ರ, ಇಷ್ಟೂ ಕೂಡಿದ ಮೇಲೇ ಪೆಟ್ಟಿಗೆ ವಿಮಾನ ಹತ್ತುವುದು. ಒಮ್ಮೆ ಕರಾವಳಿ ಕಡೆಯ ತಾಯಿಯೊಬ್ಬರ ಜೊತೆ ಫೋನಿನಲ್ಲಿ ಕನ್ನಡ ಮಾತಾಡಲು ಇಡೀ ಆಫೀಸಿನಲ್ಲಿ ಇದ್ದವನು ನಾನೊಬ್ಬನೇ.

ಇನ್ನು ಮದುವೆ. ನಿಮ್ಮ ಮನೆಯವರಿಗೆ ಸಿ.ಬಿ. ಮುತ್ತಮ್ಮನವರ ವಿಷಯ ಹೇಳಿ. ಕೊಡಗಿನ ವಿರಾಜಪೇಟೆಯವರು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ (ಐಎಫ್‌ಎಸ್) ಸೇರಿದ ಮೊದಲ ಹೆಂಗಸು. ಆಗ ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಅಂತ ಅವರಿಂದ ಬರೆಸಿಕೊಂಡಿದ್ದರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಮುಂದಿನ ಬಡ್ತಿ ತಪ್ಪಿದಾಗ ಸುಮ್ನೆ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟರಲ್ಲಿ ಸರ್ಕಾರವೇ ಬಡ್ತಿ ಕೊಟ್ಟಿತು. 1979ರ ತೀರ್ಪಿನಲ್ಲಿ ಹೆಂಗಸರು ಮದುವೆಗೆ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವನ್ನು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕಟುವಾಗಿ ಟೀಕಿಸಿದರು. ಈಗ ಆ ನಿಯಮ ಇಲ್ಲ.

ತೊಂದರೆ ಇರುವುದು ಬೇರೆ ಕಡೆ. ಸುಮಾರು ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟಬೇಕು. ಮಕ್ಕಳ ಶಾಲೆ, ಗೆಳೆಯರು ಎಲ್ಲ ಮತ್ತೆ ಮೊದಲಿನಿಂದ. ನಮ್ಮಪ್ಪ ತೀರಿಕೊಂಡದ್ದು ಆಷಾಢದ ಮಳೆಯಲ್ಲಿ. ನಾನು ಊರು ಮುಟ್ಟುವಾಗ ನಾಲ್ಕನೇ ದಿನ. ಪರೀಕ್ಷೆಯ ಕಷ್ಟಕ್ಕಿಂತ ಮಗಳಿಗೆ ಇದನ್ನು ಮೊದಲು ಹೇಳಿ. ಕೇಳಿದ ಮೇಲೂ ಹಟ ಇದ್ದರೆ ಓದಲಿ.

ಒಂದು ವೇಳೆ ಯುಪಿಎಸ್‌ಸಿ ಕೈಕೊಟ್ಟರೆ ನಾನು ಬಂದ ಬಾಗಿಲೂ ಇದೆ. ಅಲ್ಲಿಂದ ಬಡ್ತಿ ಪಡೆಯುತ್ತಾ ರಾಯಭಾರಿ ಆದವರೂ ಇದ್ದಾರೆ, ನಿಧಾನ ಅಷ್ಟೇ. ಈಗಿನಿಂದ ವಾರಕ್ಕೊಂದು ವಿದೇಶದ ಸುದ್ದಿ ಹಿಡಿದು, ಅದರಿಂದ ನಮಗೇನು ಅಂತ ಒಂದೇ ಪುಟ ಬರೆಯಲಿ. ಕನ್ನಡದಲ್ಲೇ ಆಗಲಿ, ಪರವಾಗಿಲ್ಲ. ಬರೆದದ್ದನ್ನು ಇಲ್ಲೇ ಕೆಳಗೆ ಹಾಕಿದರೆ ಗೀಟು ಎಳೆಯಲು ನಾನಿದ್ದೇನೆ.