ಒಂದೇ ತೂಕ ಎರಡು ಜಿಮ್‌ಗಳಲ್ಲಿ ಬೇರೆ ಬೇರೆ ಅನಿಸುವುದೇಕೆ? ಪ್ಲೇಟಿನ ಮೇಲಿನ ಸಂಖ್ಯೆಯನ್ನು ಎಷ್ಟು ನಂಬಬಹುದು?

ಹಳೆಯ ಜಿಮ್‌ನಲ್ಲಿ 80 ಕಿಲೋ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರವನ್ನು ಎದೆಯಿಂದ ಮೇಲಕ್ಕೆ ತಳ್ಳುವ ವ್ಯಾಯಾಮ) ಅನ್ನು ಐದು ಸಲ ಎತ್ತುತ್ತಿದ್ದ ತಮಗೆ ಹೊಸ ಜಿಮ್‌ನಲ್ಲಿ ಅದೇ 80 ಕಿಲೋ ಎರಡನೆಯ ಸಲಕ್ಕೇ ಎದೆಯ ಮೇಲೆ ನಿಂತುಬಿಡುತ್ತದೆ, ಇದು ಪ್ಲೇಟುಗಳ ದೋಷವೋ ತಮ್ಮ ದೋಷವೋ ಎಂದು ಕೇಳಿದ್ದೀರಿ. ಮೊದಲು ರಾಡನ್ನು ಅನುಮಾನಿಸಿ, ಆಮೇಲೆ ಪ್ಲೇಟುಗಳನ್ನು, ಎಲ್ಲಕ್ಕಿಂತ ಕೊನೆಗೆ ತಮ್ಮನ್ನು. ತಾವು ಕೊಟ್ಟಿರುವ ವಿವರದಲ್ಲೇ ಉತ್ತರದ ಬಹುಭಾಗ ಅಡಗಿದೆ: ಹಳೆಯ ಜಿಮ್‌ನಲ್ಲಿದ್ದದ್ದು ಉದ್ದಕ್ಕೂ ಒಂದೇ ದಪ್ಪದ ಆರಡಿ ರಾಡು, ಹೊಸದರಲ್ಲಿರುವುದು ತುದಿಗಳು ದಪ್ಪವಾಗಿದ್ದು ತಮ್ಮಷ್ಟಕ್ಕೆ ತಿರುಗುವ ಏಳಡಿಯ ಒಲಿಂಪಿಕ್ ಬಾರ್. ಎರಡಕ್ಕೂ ತಾವು 20 ಕಿಲೋ ಎಂದೇ ಲೆಕ್ಕ ಹಿಡಿದಿದ್ದೀರಿ.

ಕಟ್ಟಡದ ಕೆಲಸದಲ್ಲಿ ಕಬ್ಬಿಣದ ಸರಳಿನ ತೂಕ ತೆಗೆಯಲು ಪ್ರತಿಯೊಬ್ಬ ಸೈಟ್ ಎಂಜಿನಿಯರ್ ಬಳಸುವ ಸೂತ್ರವೊಂದಿದೆ. ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ತೂಕ ಕಿಲೋದಲ್ಲಿ ಸಿಗುತ್ತದೆ. ಇದೇ ಸೂತ್ರ ಜಿಮ್‌ನ ಗಟ್ಟಿ ರಾಡಿಗೂ ಸಲ್ಲುತ್ತದೆ. 25 ಮಿಲಿಮೀಟರ್ ದಪ್ಪದ ರಾಡು ಮೀಟರಿಗೆ 3.86 ಕಿಲೋ, 28 ಮಿಲಿಮೀಟರಿನದು 4.84 ಕಿಲೋ ತೂಗುತ್ತದೆ. ಆರಡಿ ಎಂದರೆ 1.83 ಮೀಟರ್, ಆದ್ದರಿಂದ ತಮ್ಮ ಹಳೆಯ ರಾಡು ಹೆಚ್ಚೆಂದರೆ 9 ಕಿಲೋ, ತೆಳುವಾದದ್ದಾಗಿದ್ದರೆ 7 ಕಿಲೋ, ಒಳಗೆ ಟೊಳ್ಳಾದ ಪೈಪಾಗಿದ್ದರೆ ಅದಕ್ಕಿಂತಲೂ ಕಡಿಮೆ. ಎರಡೂ ಕಡೆ ಮೂವತ್ತು ಮೂವತ್ತು ಹಾಕಿ ತಾವು 80 ಎಂದು ಬರೆದುಕೊಳ್ಳುತ್ತಿದ್ದದ್ದು ನಿಜವಾಗಿ 67ರಿಂದ 69 ಕಿಲೋ. ಒಲಿಂಪಿಕ್ ಬಾರ್‌ನಲ್ಲಿಯೂ 28 ಮಿಲಿಮೀಟರಿನ, 2.2 ಮೀಟರ್ ಉದ್ದದ ನಡುಸರಳು ಸುಮಾರು ಹತ್ತೂವರೆ ಕಿಲೋ ಮಾತ್ರ. ಉಳಿದ ಒಂಬತ್ತೂವರೆ ಕಿಲೋ ಇರುವುದು ಪ್ಲೇಟು ಕೂರುವ 50 ಮಿಲಿಮೀಟರಿನ ಎರಡು ತುದಿಗಳಲ್ಲಿ. ಆ ತುದಿಗಳಿಲ್ಲದ ರಾಡು ಎಷ್ಟೇ ಗಟ್ಟಿಯಾಗಿ ಕಂಡರೂ 20 ಕಿಲೋ ಆಗುವುದು ಸಾಧ್ಯವಿಲ್ಲ.

ಇದರ ಜೊತೆಗೆ ನಮ್ಮ ಜಿಮ್‌ಗಳ ಎಣಿಕೆಯ ರೂಢಿಯೂ ಗೊಂದಲವನ್ನು ಹೆಚ್ಚಿಸುತ್ತದೆ. ‘ಇಪ್ಪತ್ತು ಇಪ್ಪತ್ತು ಹಾಕು’ ಎನ್ನುವವರಲ್ಲಿ ಹಲವರು ರಾಡನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ, ಕೆಲವರು ಎಲ್ಲ ರಾಡಿಗೂ 20 ಸೇರಿಸುತ್ತಾರೆ. ಬೇರೆಯವರು ಹೇಳುವ ಅಂಕಿಯನ್ನು ತಮ್ಮದರೊಂದಿಗೆ ಹೋಲಿಸುವ ಮೊದಲು ಅವರು ಯಾವ ಗುಂಪಿನವರೆಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನು ಪ್ಲೇಟುಗಳು. ಅಂತಾರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಒಕ್ಕೂಟದ ನಿಯಮದಂತೆ 5 ಕಿಲೋಗಿಂತ ಭಾರವಾದ ಯಾವುದೇ ಸಾಧನದ ತೂಕ ಶೇಕಡಾ 0.1ರಷ್ಟು ಹೆಚ್ಚಾಗಬಹುದು, ಶೇಕಡಾ 0.05ರಷ್ಟು ಕಡಿಮೆಯಾಗಬಹುದು, ಅಂದರೆ 20 ಕಿಲೋ ಬಾರ್‌ನಲ್ಲಿ 20 ಗ್ರಾಂ ಮೇಲೆ, 10 ಗ್ರಾಂ ಕೆಳಗೆ. ಪವರ್‌ಲಿಫ್ಟಿಂಗ್‌ನಲ್ಲಿ ಪ್ಲೇಟಿಗೆ ಶೇಕಡಾ 0.25ರವರೆಗೆ ವಿನಾಯಿತಿ ಇದೆ, ಅದು 20 ಕಿಲೋಗೆ 50 ಗ್ರಾಂ ಆಯಿತು. ಇಷ್ಟು ಬಿಗಿ ಬೇಕೇ ಎಂದು ಅನಿಸಬಹುದು. 2022ರ ಬರ್ಮಿಂಗ್‌ಹ್ಯಾಂ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 61 ಕಿಲೋ ವಿಭಾಗದಲ್ಲಿ ಒಟ್ಟು 269 ಕಿಲೋ ಎತ್ತಿ ಕಂಚು ಗೆದ್ದಾಗ ನಾಲ್ಕನೆಯವರಿಗೂ ಅವರಿಗೂ ಇದ್ದ ಅಂತರ ಒಂದೇ ಕಿಲೋ. ಅಲ್ಲಿ ಎಲ್ಲರೂ ಒಂದೇ ಬಾರ್ ಎತ್ತುತ್ತಾರಾದರೂ, ಒಂದೊಂದೇ ಕಿಲೋ ಏರಿಸುತ್ತ ಹೋಗುವಾಗ ಸೇರಿಸುವ ಪ್ಲೇಟು ತನ್ನ ಅಂಕಿಗೆ ನಿಷ್ಠವಾಗಿರಲೇಬೇಕು.

ಸಾಮಾನ್ಯ ಜಿಮ್‌ನ ಪ್ಲೇಟಿಗೆ ಇಂತಹ ಯಾವ ಕಟ್ಟುಪಾಡೂ ಇಲ್ಲ. ನಾನು ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲವು ವರ್ಷ ಕೆಲಸ ಮಾಡಿದವನು. ಎರಕದ ಪ್ಲೇಟು ಏಕೆ ಹೆಚ್ಚುಕಡಿಮೆ ತೂಗುತ್ತದೆ ಎಂಬುದು ನನಗೆ ಜಿಮ್‌ಗಿಂತ ಮೊದಲೇ ಅಲ್ಲಿ ತಿಳಿದ ವಿಷಯ. ಕರಗಿದ ಕಬ್ಬಿಣ ತಣಿಯುವಾಗ ಪ್ರತಿ ಅಳತೆಯಲ್ಲೂ ಸುಮಾರು ಶೇಕಡಾ 1ರಷ್ಟು ಕುಗ್ಗುವುದರಿಂದ ಪ್ಯಾಟರ್ನನ್ನು, ಅಂದರೆ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿಯನ್ನು, ಅಷ್ಟೇ ದೊಡ್ಡದಾಗಿ ಮಾಡಿರುತ್ತಾರೆ, ಆದರೆ ಅದೇ ಪ್ಯಾಟರ್ನ್ ವರ್ಷಗಟ್ಟಲೆ ಮರಳಿನಲ್ಲಿ ಉಜ್ಜಿ ಸವೆಯುತ್ತದೆ. ಮೇಲಿನ ಮತ್ತು ಕೆಳಗಿನ ಅಚ್ಚಿನ ಪೆಟ್ಟಿಗೆಗಳನ್ನು ಸರಿಯಾಗಿ ಬಿಗಿಯದಿದ್ದರೆ, ಮೇಲೆ ಸಾಕಷ್ಟು ಭಾರ ಇಡದಿದ್ದರೆ, ಸುರಿದ ಲೋಹದ ಒತ್ತಡವೇ ಮೇಲಿನ ಪೆಟ್ಟಿಗೆಯನ್ನು ಕೂದಲೆಳೆಯಷ್ಟು ಎತ್ತಿಬಿಡುತ್ತದೆ. 40 ಮಿಲಿಮೀಟರ್ ದಪ್ಪ ಇರಬೇಕಾದ 20 ಕಿಲೋ ಪ್ಲೇಟು ಹೀಗೆ ಒಂದೇ ಒಂದು ಮಿಲಿಮೀಟರ್ ದಪ್ಪವಾದರೂ ಅರ್ಧ ಕಿಲೋ ಹೆಚ್ಚಾಯಿತು. ಮರಳನ್ನು ಸಡಿಲವಾಗಿ ತುಂಬಿದರೂ ಅದೇ ಫಲ. ಯಂತ್ರದ ಭಾಗವಾಗಿದ್ದರೆ ಆಮೇಲೆ ಲೇತ್‌ನಲ್ಲಿ ಕೆತ್ತಿ ಅಳತೆಗೆ ತರುತ್ತಾರೆ; ಕಡಿಮೆ ಬೆಲೆಯ ಪ್ಲೇಟಿಗೆ ಆ ಖರ್ಚು ಯಾರೂ ಮಾಡುವುದಿಲ್ಲ, ಅಂಚನ್ನು ಉಜ್ಜಿ ಬಣ್ಣ ಬಳಿದು ಕಳುಹಿಸುತ್ತಾರೆ. ಸ್ಪರ್ಧೆಯ ಪ್ಲೇಟುಗಳು ದುಬಾರಿಯಾಗಿರುವುದು ಬಣ್ಣಕ್ಕಾಗಿ ಅಲ್ಲ, ಈ ಕೊನೆಯ ಕೆಲಸಕ್ಕಾಗಿ: ಅವುಗಳನ್ನು ತೂಗಿ, ಹಿಂಬದಿಯ ರಂಧ್ರದಲ್ಲಿ ಸಣ್ಣ ಲೋಹದ ಬಿರಡೆ ಕೂರಿಸಿಯೋ ತೆಗೆದೋ ಅಂಕಿಗೆ ಹೊಂದಿಸಿರುತ್ತಾರೆ.

ಆದರೂ ಪ್ಲೇಟುಗಳ ದೋಷವನ್ನು ಜನ ಬೇಕಾದುದಕ್ಕಿಂತ ಹೆಚ್ಚು ದೊಡ್ಡದು ಮಾಡುತ್ತಾರೆ ಎಂಬುದು ನನ್ನ ಅಭಿಪ್ರಾಯ. ನಾಲ್ಕಾರು ಪ್ಲೇಟು ಹಾಕಿದಾಗ ಒಂದರ ಹೆಚ್ಚಳವೂ ಇನ್ನೊಂದರ ಕೊರತೆಯೂ ಸ್ವಲ್ಪಮಟ್ಟಿಗೆ ಪರಸ್ಪರ ತೀರಿಹೋಗುತ್ತವೆ. ಒಟ್ಟು ತೂಕಕ್ಕಿಂತ ಕಾಡುವುದು ಎಡಬಲದ ವ್ಯತ್ಯಾಸ; ಒಂದು ಕಡೆ 19.4, ಇನ್ನೊಂದು ಕಡೆ 20.6 ಬಿದ್ದರೆ ಒಟ್ಟು ಸರಿಯಾಗಿಯೇ ಇದ್ದರೂ ಬಾರ್ ಒಂದು ಬದಿಗೆ ವಾಲುತ್ತದೆ, ನಾವು ಅದನ್ನು ನಮ್ಮ ಎಡಗೈಯ ದೌರ್ಬಲ್ಯವೆಂದು ತಿಳಿದು ಕೊರಗುತ್ತೇವೆ. ಹೊರದೇಶದಿಂದ ಬಂದ ಪ್ಲೇಟುಗಳಾಗಿದ್ದರೆ ಪೌಂಡಿನ ಗುರುತನ್ನೂ ನೋಡಿಕೊಳ್ಳಿ: 45 ಪೌಂಡು ಎಂದರೆ 20.4 ಕಿಲೋ, 20 ಅಲ್ಲ.

ತೂಕ ಸರಿಯಿದ್ದೂ ಅನುಭವ ಬೇರೆಯಾಗುವುದು ಇನ್ನೊಂದು ಸಂಗತಿ, ಮತ್ತು ಇದು ಡೆಡ್‌ಲಿಫ್ಟ್‌ನಲ್ಲಿ (ನೆಲದ ಮೇಲಿನ ಬಾರನ್ನು ಹಿಡಿದೆತ್ತಿ ನೇರವಾಗಿ ನಿಲ್ಲುವ ವ್ಯಾಯಾಮ) ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುತ್ತದೆ. ಸ್ಪರ್ಧೆಯ ದೊಡ್ಡ ಪ್ಲೇಟಿನ ವ್ಯಾಸ 450 ಮಿಲಿಮೀಟರ್, ಆದ್ದರಿಂದ ಬಾರ್‌ನ ನಡುಮಧ್ಯ ನೆಲದಿಂದ 225 ಮಿಲಿಮೀಟರ್ ಎತ್ತರದಲ್ಲಿರುತ್ತದೆ. ನಮ್ಮ ಹಳೆಯ ಜಿಮ್‌ಗಳ ದಪ್ಪನೆಯ ಸಣ್ಣ ಪ್ಲೇಟಿನ ವ್ಯಾಸ 300 ಮಿಲಿಮೀಟರ್ ಇದ್ದರೆ ಬಾರ್ ಏಳೂವರೆ ಸೆಂಟಿಮೀಟರ್ ಕೆಳಗಿರುತ್ತದೆ, ಅಂದರೆ ಬೆನ್ನು ಅಷ್ಟು ಹೆಚ್ಚು ಬಗ್ಗಬೇಕು, ಅದೂ ಎತ್ತುವಿಕೆಯ ಅತ್ಯಂತ ಕಷ್ಟದ ಹಂತದಲ್ಲಿ. ಸಣ್ಣ ಪ್ಲೇಟಿನಲ್ಲಿ 100 ಕಿಲೋ ಎತ್ತಲಾಗದವರು ದೊಡ್ಡ ಪ್ಲೇಟಿನಲ್ಲಿ 110 ಎತ್ತಿದರೆ ಆಶ್ಚರ್ಯಪಡಬೇಕಾಗಿಲ್ಲ. ಬಾರ್ ಬಾಗುವ ಗುಣವೂ ಇಲ್ಲಿ ಸೇರಿಕೊಳ್ಳುತ್ತದೆ. ತೆಳುವಾದ, ಉದ್ದದ ಬಾರ್‌ಗೆ ದಪ್ಪ ರಬ್ಬರ್ ಪ್ಲೇಟುಗಳನ್ನು ಹಾಕಿದಾಗ ಭಾರ ಕೈಗಳಿಂದ ದೂರಕ್ಕೆ ಹೋಗುತ್ತದೆ, ನಡುಭಾಗ ಮೊದಲು ಮೇಲೆದ್ದು ಪ್ಲೇಟುಗಳು ಆಮೇಲೆ ನೆಲ ಬಿಡುತ್ತವೆ. ಹಾಗಾಗಿ ಪೂರ್ತಿ ಭಾರ ಕೈಗೆ ಬರುವ ಹೊತ್ತಿಗೆ ಸೊಂಟ ಒಳ್ಳೆಯ ಸ್ಥಿತಿಗೆ ಬಂದಿರುತ್ತದೆ. ಡೆಡ್‌ಲಿಫ್ಟ್‌ಗೆಂದೇ 27 ಮಿಲಿಮೀಟರಿನ ಬಾರ್ ಮಾಡುವುದು ಈ ಕಾರಣಕ್ಕೆ. ಬೆಂಚ್ ಪ್ರೆಸ್‌ನಲ್ಲಿ ಮಾತ್ರ ಅದೇ ಬಾಗುವಿಕೆ ಉಯ್ಯಾಲೆಯಂತೆ ತೊನೆದು ಕಿರಿಕಿರಿಯಾಗುತ್ತದೆ.

ಹಿಡಿತದ ವಿಷಯದಲ್ಲಿ ಒಂದೆರಡು ಮಿಲಿಮೀಟರ್ ಕೂಡ ಕೈಗೆ ಗೊತ್ತಾಗುತ್ತದೆ. ಮಹಿಳೆಯರ ವೇಟ್‌ಲಿಫ್ಟಿಂಗ್ ಬಾರ್ 15 ಕಿಲೋ ತೂಕದ್ದು, 25 ಮಿಲಿಮೀಟರ್ ದಪ್ಪದ್ದು; ಪುರುಷರದು 28 ಮಿಲಿಮೀಟರ್. ನರ್ಲಿಂಗ್, ಅಂದರೆ ಹಿಡಿಯುವ ಜಾಗದ ಒರಟು ಗೆರೆಗಳು, ಸವೆದು ನುಣುಪಾದ ಬಾರ್‌ನಲ್ಲಿ ಬೆನ್ನಿಗೆ ಶಕ್ತಿಯಿದ್ದರೂ ಬೆರಳು ಮೊದಲು ಸೋಲುತ್ತದೆ. ತುದಿಗಳು ಸಲೀಸಾಗಿ ತಿರುಗದ ಬಾರ್‌ನಲ್ಲಿ ಕ್ಲೀನ್, ಅಂದರೆ ನೆಲದಿಂದ ಒಂದೇ ಸಲಕ್ಕೆ ಭುಜದವರೆಗೆ ಎತ್ತುವ ವ್ಯಾಯಾಮ, ಮಾಡಿದರೆ ಪ್ಲೇಟುಗಳ ಸುತ್ತುವ ಬಲವೆಲ್ಲ ಮಣಿಕಟ್ಟಿಗೆ ಬರುತ್ತದೆ. ಬೆಂಚ್ ಪ್ರೆಸ್‌ಗೆ ಇದು ಅಷ್ಟು ಮುಖ್ಯವಲ್ಲ.

ಯಂತ್ರಗಳ ಅಂಕಿಯನ್ನಂತೂ ಬಾರ್‌ನ ಅಂಕಿಯೊಂದಿಗೆ ಹೋಲಿಸಲೇಬೇಡಿ. ಕೇಬಲ್ ಯಂತ್ರದಲ್ಲಿ ಚಲಿಸುವ ರಾಟೆ ಇದ್ದರೆ 40 ಕಿಲೋ ಪಿನ್ ಹಾಕಿದಾಗ ಕೈಗೆ ಬರುವುದು 20; 45 ಡಿಗ್ರಿ ಓರೆಯ ಲೆಗ್ ಪ್ರೆಸ್‌ನಲ್ಲಿ 100 ಕಿಲೋ ಹಾಕಿದರೆ ಕಾಲಿಗೆ ಬರುವುದು ಸುಮಾರು 71, ಅದರ ಜಾರುಪೀಠದ ತೂಕ ಮತ್ತು ಘರ್ಷಣೆ ಬೇರೆ. ಬಾರ್ ಎರಡು ಕಂಬಿಗಳ ಮೇಲೆ ಜಾರುವ ಸ್ಮಿತ್ ಯಂತ್ರಗಳಲ್ಲಿ ಎಷ್ಟೋ ವೇಳೆ ಒಳಗೆ ಪ್ರತಿಭಾರ ಕಟ್ಟಿರುತ್ತಾರೆ, ಅದರಿಂದ ಬಾರ್ ಹಗುರವಾಗುತ್ತದೆ.

ಪರೀಕ್ಷಿಸುವುದು ಕಷ್ಟವಲ್ಲ. ವಿಮಾನದ ಲಗೇಜು ತೂಗುವ, 50 ಕಿಲೋವರೆಗಿನ ಕೊಕ್ಕೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ತಕ್ಕಡಿಯನ್ನೇ ಪರೀಕ್ಷಿಸಿ: ಖಾಲಿ ಬಕೆಟ್ ತೂಗಿ, ಅಳೆದು ಹತ್ತು ಲೀಟರ್ ನೀರು ಹಾಕಿ ಮತ್ತೆ ತೂಗಿದರೆ ವ್ಯತ್ಯಾಸ 10 ಕಿಲೋ ಬರಬೇಕು. ಬಾರ್‌ನ ನಡುವಿಗೆ ಹಗ್ಗ ಕಟ್ಟಿ ನೇತುಹಾಕಿ ತೂಗಿ. ಹಾಗೆ ಎತ್ತಲು ಜಾಗವಿಲ್ಲದಿದ್ದರೆ ಒಂದು ತುದಿಯನ್ನು ಬೆಂಚಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಅಷ್ಟೇ ಎತ್ತರಕ್ಕೆ ಕೊಕ್ಕೆಯಿಂದ ಎತ್ತಿದಾಗ ಬರುವ ಅಂಕಿಯನ್ನು ಎರಡರಿಂದ ಗುಣಿಸಿ. ಎರಡೂ ಆಧಾರಗಳು ತುದಿಯಿಂದ ಸಮದೂರದಲ್ಲಿದ್ದರೆ ಈ ಲೆಕ್ಕ ತಪ್ಪುವುದಿಲ್ಲ. ಇಷ್ಟೂ ಬೇಡವೆನಿಸಿದರೆ ಹತ್ತಿರದ ಗುಜರಿ ಅಂಗಡಿಯ ನೆಲದ ತಕ್ಕಡಿ ಇದೆ, ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂದು ನೋಡಿಕೊಂಡರಾಯಿತು. ಜಿಮ್ ಮಾಲೀಕರ ಒಪ್ಪಿಗೆ ಸಿಕ್ಕರೆ ಪ್ರತಿ ಪ್ಲೇಟಿನ ಹಿಂಬದಿಗೆ ನಿಜವಾದ ತೂಕವನ್ನು ಪೇಂಟಿನಲ್ಲಿ ಬರೆದು, ಹತ್ತಿರದ ತೂಕದವನ್ನು ಜೋಡಿ ಮಾಡಿಡಿ.

ಹೊಸ ಬಾರ್ 20 ಕಿಲೋ ಎಂದು ಖಚಿತವಾದರೆ ತಾವು ಬೆಂಚ್ ಪ್ರೆಸ್ಸನ್ನು ಎರಡೂ ಕಡೆ 25 ಹಾಕಿ 70 ಕಿಲೋದಿಂದ ಮುಂದುವರಿಸಿ, ಏಕೆಂದರೆ ತಾವು ಹಳೆಯ ಜಿಮ್‌ನಲ್ಲಿ ಎತ್ತುತ್ತಿದ್ದದ್ದು ಬಹುತೇಕ ಅಷ್ಟೇ. ಮುಂದೆ ಪವರ್‌ಲಿಫ್ಟಿಂಗ್ ಸ್ಪರ್ಧೆಗೆ ಹೋಗುವ ಯೋಚನೆ ಇದ್ದರೆ ಇನ್ನೊಂದು ಲೆಕ್ಕವನ್ನು ಈಗಿನಿಂದಲೇ ರೂಢಿಸಿಕೊಳ್ಳಿ: ಅಲ್ಲಿ ಬಾರ್‌ಗೆ ಹಾಕುವ ಲಾಕುಗಳೂ ತಲಾ ಎರಡೂವರೆ ಕಿಲೋ, ಅಂದರೆ ಖಾಲಿ ಬಾರ್ 25 ಕಿಲೋ, ಮತ್ತು 80 ಕಿಲೋ ಆಗಲು ಪ್ರತಿ ಬದಿಗೆ ಬೇಕಾಗುವುದು ಒಂದು 25ರ ಪ್ಲೇಟು ಹಾಗೂ ಒಂದು ಎರಡೂವರೆಯದು.