ಗುಳ್ಳೆ ಏಳುವ ಚರ್ಮರೋಗದಲ್ಲಿ ಆಟೋಆಂಟಿಬಾಡಿ (ಸ್ವಂತ ದೇಹದ ಮೇಲೇ ತಿರುಗಿಬೀಳುವ ಪ್ರತಿಕಾಯ) ಯಾವ ಪ್ರೋಟೀನನ್ನು ಹಿಡಿದಿದೆ ಅಂತ ಹೇಗೆ ಗೊತ್ತಾಗುತ್ತೆ?

ಎಪಿಡರ್ಮೋಲಿಸಿಸ್ ಬುಲ್ಲೋಸಾ ಅಕ್ವಿಸಿಟಾ ಎಂಬ ಅಪರೂಪದ ಕಾಯಿಲೆಯನ್ನೇ ತಗೊಳ್ಳಿ. ಆರೋಗ್ಯವಂತರ ಚರ್ಮದ ಚೂರನ್ನು ಗಟ್ಟಿ ಉಪ್ಪುನೀರಿನಲ್ಲಿ ನೆನೆಹಾಕಿದರೆ ಮೇಲ್ಪದರ, ಒಳಪದರ ಬಿಟ್ಟುಕೊಳ್ಳುತ್ತವೆ. ಅದಕ್ಕೆ ರೋಗಿಯ ಸೀರಮ್ (ಆಂಟಿಬಾಡಿಗಳಿರುವ ರಕ್ತದ ತಿಳಿ ಭಾಗ), ಆಮೇಲೆ ರೋಗಿಯ ಆಂಟಿಬಾಡಿಗೆ ಅಂಟುವ, ಹೊಳೆಯುವ ಬಣ್ಣದ ಇನ್ನೊಂದು ಆಂಟಿಬಾಡಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಹಸಿರು ಗೆರೆ ಸೀಳಿನ ಚಾವಣಿಯಲ್ಲಿದ್ದರೆ (ಮೇಲ್ಪದರದ ಕಡೆ) ಹೆಚ್ಚಾಗಿ ಬುಲ್ಲಸ್ ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆ ರೋಗ. ನೆಲದಲ್ಲಿದ್ದರೆ (ಒಳಪದರದ ಕಡೆ) ಎಪಿಡರ್ಮೋಲಿಸಿಸ್ ಬುಲ್ಲೋಸಾ ಅಕ್ವಿಸಿಟಾದ ಅನುಮಾನ. ಬರೀ ಅನುಮಾನ, ಯಾಕಂದ್ರೆ ಲ್ಯಾಮಿನಿನ್ 332 ಎಂಬ ಬೇರೆ ಪ್ರೋಟೀನನ್ನು ಹಿಡಿಯುವ ಆಂಟಿಬಾಡಿಯೂ ನೆಲಕ್ಕೇ ಅಂಟುತ್ತದೆ.

ಅಸಲಿ ಕೆಲಸ ಇಮ್ಯುನೊಬ್ಲಾಟ್‌ನದು: ಚರ್ಮದ ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ, ಸೀರಮ್ ಯಾವುದಕ್ಕೆ ಅಂಟಿತು ಎಂದು ನೋಡುವುದು. 1984ರಲ್ಲಿ ಹೀಗೆಯೇ ಈ ಕಾಯಿಲೆಯ ಆಂಟಿಬಾಡಿ ಹಿಡಿಯುವ, 290 ಕಿಲೋಡಾಲ್ಟನ್ (ಅಣುತೂಕದ ಅಳತೆ) ತೂಗುವ ಪ್ರೋಟೀನ್ ಸಿಕ್ಕಿತು. ಅದು ಟೈಪ್ 7 ಕೊಲಾಜನ್ ಎಂದು ತಿಳಿದದ್ದು 1988ರಲ್ಲಿ. ಈಗ ಅದಕ್ಕೆಂದೇ ಎಲೈಸಾ ಕಿಟ್ (ಆ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಸೀರಮ್‌ನಲ್ಲಿದೆಯೇ ಎಂದು ನೋಡುವ ಪರೀಕ್ಷೆ) ಬಂದಿದೆ.